ತ್ವಿಷಾಂಶ್‌ನ ಕರೆದ್ರೆ ಯಾರ್ಯಾರು ಬರ್ತಾರೆ

ಇಂಥ ಫಜೀತಿಗಳನ್ನ ನಾನೇನು ಹುಡುಕ್ಕೊಂಡು ಹೋಗಲ್ಲ, ಅವೇ ನನ್ನ ಬಾಗಿಲಿಗೆ ಬರ್ತಾವೆ. ಬೇರೆ ಯಾರೂ ಬರಲ್ಲ ನೋಡಿ, ದಾರಿ ಖಾಲಿ ಇರ್ತದೆ.

ನಾನು ಕೋಲಾರದ ಟೊಮೇಟೊ ಮಂಡೀಲಿ ಹರಾಜು ಕೂಗ್ತಿದ್ದೋನು. ನಾನಿಲ್ಲಿ ಕೂಗಿದ್ರೆ ಮುಳಬಾಗಿಲಲ್ಲಿ ಗಿಡದ ಮೇಲಿನ ಕಾಯಿ ಹಣ್ಣಾಗ್ತಿತ್ತು. ಸುಳ್ಳು ಅನ್ನೋರು ಮುಳಬಾಗಿಲೋರನ್ನೇ ಕೇಳಿ. ಈಗ ಹೆಂಡ್ತಿ ಇಲ್ಲ, ಮಕ್ಕಳಾಗ್ಲಿಲ್ಲ. ಒಂದು ಬಾಡಿಗೆ ರೂಮು, ಅಷ್ಟು ದೊಡ್ಡ ಗಂಟಲು. ಕರೆಯೋದು ಯಾರನ್ನ?

ಯಾರಿಗೂ ಇಲ್ಲದ ಹೆಸರು

ಮೇಲ್ಗಡೆ ಓನರ್ ಸೊಸೆಗೆ ಗಂಡು ಮಗು ಆಯ್ತು. ಜಿಲ್ಲೇಲಿ ಯಾರಿಗೂ ಇರದ ಹೆಸರು ಬೇಕು ಅಂತ ಬಾಣಂತನ ಪೂರ್ತಿ ಫೋನ್ ತಿಕ್ಕಿದ್ಲು. ಸಿಕ್ಕಿದ್ದು ತ್ವಿಷಾಂಶ್. ಅಜ್ಜಿ ಬಾಯಲ್ಲಿ ಅದು ತಿಸ್ಸಾನ್ಸು ಆಯ್ತು. ಮಾಲೂರಿಂದ ಬಂದ ಸೋದರಮಾವ ಹೇಳಿದಾಗ, ಪಾಪ ಸೀನಿದ ಅಂದ್ಕೊಂಡು ನೂರು ವರ್ಷ ಬಾಳಪ್ಪ ಅಂದೆ.

ನನಗೂ ಮೊದ್ಲು ಬರ್ಲಿಲ್ಲ. ಊಟಕ್ಕೆ ನಾನು ಹಲ್ಲುಸೆಟ್ಟು ಹಾಕಲ್ಲ, ಒಬ್ಬನೇ ಮುದ್ದೆ ನುಂಗೋಕೆ ಹಲ್ಲು ಯಾಕೆ? ಈ ಹೆಸರಿಗೋಸ್ಕರ ಹಾಕ್ಕೊಂಡು ವಾರಗಟ್ಲೆ ಗೋಡೆ ಮುಂದೆ ಕೂತು ಹೇಳ್ದೆ. ಮೊದ್ಲು ಗೋಡೆಗೆ ಬಂತು, ಆಮೇಲೆ ನನಗೆ.

ಕಿವೀಲಿ ಮೂರು ಸಲ

ನಾಮಕರಣದಲ್ಲಿ ಮಗು ಕಿವೀಲಿ ಮೂರು ಸಲ ಹೆಸರು ಹೇಳ್ಬೇಕಲ್ಲ, ಸೋದರತ್ತೆ ಒಂದೊಂದು ಸಲ ಒಂದೊಂದು ಹೆಸರು ಹೇಳಿದ್ಲು. ನಾನು ಗೋಡೆಗೆ ಹೇಳ್ಕೊಡೋದನ್ನ ಮೇಲಿಂದ ಕೇಳಿಸ್ಕೊಂಡಿದ್ದ ಸೊಸೆ ನನ್ನ ಕಡೆ ತಿರುಗಿ, "ತಾತ, ನೀವೇ ಬನ್ನಿ" ಅಂದ್ಲು. ಎಷ್ಟೋ ವರ್ಷ ಆಗಿತ್ತು, ಯಾರಾದ್ರೂ ನನ್ನ ಮುಂದಕ್ಕೆ ಬನ್ನಿ ಅಂದು.

ಮೆತ್ತಗೇ ಹೇಳ್ಬೇಕು ಅಂತಿತ್ತು. ಮೂರು ಸಲ ಅನ್ನೋದು ಕೇಳಿ ಗಂಟಲಿಗೆ ಮಂಡಿ ನೆನಪಾಗಿಬಿಡ್ತು. ಆಂಧ್ರದ ವ್ಯಾಪಾರಿಗಳಿಗೆ ತೆಲುಗಲ್ಲಿ ಕೂಗಿ ಅಭ್ಯಾಸ.

"ತ್ವಿಷಾಂಶ್ ಒಕಟೋ ಸಾರಿ, ತ್ವಿಷಾಂಶ್ ರೆಂಡೋ ಸಾರಿ, ತ್ವಿಷಾಂಶ್ ಮೂಡೋ ಸಾರಿ!"

ಪಂಕ್ತೀಲಿದ್ದ ಶ್ರೀನಿವಾಸಪುರದ ಮಾವಿನ ವ್ಯಾಪಾರಿ ಹಳೇ ಚಾಳಿಗೆ ಕೈ ಎತ್ತಿ, ಸರಕು ನಂದೇ ಅಂತ ಮಗೂನ ಎತ್ಕೊಂಡುಬಿಟ್ಟ. ಅವನ ಕೈಯಿಂದ ಮಗು ಬಿಡಿಸ್ಕೊಳ್ಳೋಕೆ ಇನ್ನೆರಡು ಹೋಳಿಗೆ ಬಡಿಸ್ಬೇಕಾಯ್ತು.

ತೂಕದ ದಿನ

ಅಂಗನವಾಡೀಲಿ ಮಕ್ಕಳನ್ನ ತೂಕ ಹಾಕೋ ದಿನ ಟೀಚರಮ್ಮನಿಗೆ ಹೆಸರು ಓದೋಕೆ ಬರ್ಲಿಲ್ಲ. ಸೊಸೆ ಜೊತೆ ಹೋಗಿದ್ದ ನಾನೇ ಕೂಗಿದೆ. ಸೊಸೆ ಸೇರಿ ನಾಲ್ಕು ಜನ ಅಮ್ಮಂದಿರು ಎದ್ದು ನಿಂತ್ರು, ಎಲ್ಲಾ ನಮ್ಮ ಬೀದಿಯೋರೇ! ಮನೇಲಿ ನಾಲ್ಕು ಹುಡುಗರನ್ನೂ ಕರೆಯೋದು ಬುಜ್ಜಿ ಅಂತ, ಅದಕ್ಕೇ ಅದುವರ್ಗೂ ಗುಟ್ಟು ಒಡೆದಿರ್ಲಿಲ್ಲ. ಮದುವೇಲಿ ಒಂದೇ ಸೀರೆ ಉಟ್ಟು ಬಂದೋರ ಥರ ಒಬ್ಬರನ್ನೊಬ್ರು ನೋಡಿದ್ರು.

ಒಬ್ಬನನ್ನ ಕರೆದದ್ದು

ಹುಡುಗರು ಓಡಾಡೋ ಹಾಗಾದ್ರು. ಒಂದು ಸಂಜೆ ಕಡ್ಲೆಕಾಯಿ ಬೇಯಿಸ್ದೆ. ಹೆಂಡ್ತಿ ಹೋದ್ರೂ ಕೈಗೆ ಇಬ್ಬರ ಅಳತೆ ಮರ್ತಿಲ್ಲ, ಜಾಸ್ತಿ ಆಯ್ತು. ಮೇಲ್ಮನೆಯೋನು ಒಬ್ಬ ಬಂದು ಕೂತ್ರೆ ಸಾಕು ಅನ್ನಿಸ್ತು. ಹಲ್ಲು ಹಾಕ್ಕೊಂಡು ಮಂಡಿ ಗಂಟಲಲ್ಲಿ ತ್ವಿಷಾಂಶ್ ಅಂದೆ.

ನಾಲ್ಕೂ ಬಂದ್ವು. ರೂಮು ತುಂಬಿಹೋಯ್ತು. ಮುಳಬಾಗಿಲ ಕಾಯಿ ಹಣ್ಣು ಮಾಡಿದ ಕತೆ ಶುರು ಮಾಡ್ದೆ, ಬಾಯಿ ಬಿಟ್ಕೊಂಡು ಕೇಳಿದ್ವು. ಅಷ್ಟರಲ್ಲಿ ಯಾರೋ ಒಬ್ಬಳು ತಾಯಿ ಬೀದೀಲಿ ನಿಂತು "ಬುಜ್ಜೀ" ಅಂದ್ಲು. ನಾಲ್ಕೂ ಎದ್ದು ಹೊರಟುಹೋದ್ವು. ನಾನೂ ಸಿಪ್ಪೆನೂ ಉಳಿದ್ವಿ.

ಮಾರನೇ ಸಂಜೆ ಬೇಕಂತಲೇ ಜಾಸ್ತಿ ಬೇಯಿಸಿ ಕೂಗ್ದೆ. ನಾಲ್ಕೂ ಬಂದು ಕೂತ್ವು. ಹಿಂದೇನೇ ಬೈರಕೂರಿಂದ ಹೊಸದಾಗಿ ಪಕ್ಕದ ಬೀದಿಗೆ ಬಂದಿರೋ ಹೆಣ್ಣುಮಗಳು, ಸೊಂಟದಲ್ಲಿ ಕೂಸು.

"ನಮ್ಮ ತ್ವಿಷಾಂಶ್‌ನ ಯಾಕೆ ಕರೆದ್ರಿ ತಾತ? ನಿಮಗೆ ಹೆಂಗೆ ಗೊತ್ತಾಯ್ತು? ಯಾರಿಗೂ ಇಲ್ಲ ಅಂತ ಹುಡುಕಿ ಇಟ್ಟಿದ್ದು ಈ ಹೆಸರು."

ಒಳಗೆ ನಾಲ್ಕು ತಲೆ ಒಟ್ಟಿಗೆ ಮೇಲಕ್ಕೆದ್ವು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಹೌದಾ ತಾಯಿ? ನಾನೂ ಇದೇ ಮೊದ್ಲು ಕೇಳ್ತಿರೋದು" ಅಂದೆ. "ಒಳಗ್ ಬಾ, ಕೂತ್ಕೋ. ಇಲ್ಲಿರೋರೆಲ್ಲಾ ಬರೀ ಬುಜ್ಜಿಗಳು."