ಕಪ್ಪೆ ಬೆನ್ನಿಗೆ ಕುರಿ ಗುರುತು

ಕಪ್ಪೆ ಹಿಡಿಯುವುದೇ ಕೆಲಸವಾದವನಿಗೆ ಮರ್ಯಾದೆ ಉಳಿಯುವ ದಿನಗಳು ಕಡಿಮೆ. ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಕೆಲವು ಕಪ್ಪೆಗಳ ಚರ್ಮದ ಲೋಳೆಯಲ್ಲಿರುವ ಅಂಶಗಳು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ. ಅಷ್ಟೇ. ಔಷಧಿ ಇನ್ನೂ ಆಗಿಲ್ಲ. ನಮ್ಮ ಕಪ್ಪೆಗಳಲ್ಲೂ ಅಂಥದ್ದೇನಾದರೂ ಇದೆಯೇ ಎಂದು ನೋಡಲು, ಮದಕರಿಪುರದ ಕಡೆ ಕುರಿಗಳು ನೀರು ಕುಡಿಯುವ ಗೋಕಟ್ಟೆಗೆ ಇಳಿದು ಕಪ್ಪೆ ಹಿಡಿಯುತ್ತೇನೆ, ಬೆನ್ನನ್ನು ಹತ್ತಿಯಿಂದ ಒರೆಸುತ್ತೇನೆ, ಮತ್ತೆ ನೀರಿಗೆ ಬಿಡುತ್ತೇನೆ. ಮಾಡುವುದು ಸುಲಭ, ಹೇಳುವುದು ಕಷ್ಟ.

೧. ಹದಿನೆಂಟು ವರ್ಷ

ಅಲ್ಲಿ ಕುರಿ ಮೇಯಿಸುವ ಯಜಮಾನರೊಬ್ಬರು ಮೂರು ದಿನ ಸುಮ್ಮನೆ ನೋಡಿದರು. ನಾಲ್ಕನೇ ದಿನ ಕೇಳಿಯೇಬಿಟ್ಟರು.

"ಹಿಡೀತೀರಿ, ಒರೆಸ್ತೀರಿ, ಬಿಡ್ತೀರಿ. ಏನ್ ಮೇಷ್ಟ್ರೇ ಇದು?"

ಹೇಳಿದೆ.

"ಹಂಗಾರೆ ಕ್ಯಾನ್ಸರಿಗೆ ಇದೇ ಔಷಧಿ?"

"ಆಗಬಹುದು."

"ಆಗ್ತೈತೋ, ಇಲ್ಲೋ?"

"ಗೊತ್ತಿಲ್ಲ."

"ಮೇಷ್ಟ್ರಾಗಿ ಎಷ್ಟು ವರ್ಷ ಆತು?"

"ಹದಿನೆಂಟು."

ಅವರು ಕುರಿಗಳ ಕಡೆ ತಿರುಗಿ, ಅವಕ್ಕೇ ಹೇಳುವಂತೆ ಅಂದರು: "ಹದಿನೆಂಟು ವರ್ಷದಿಂದ ಗೊತ್ತಿಲ್ಲಂತೆ!"

೨. ನಿಮ್ಮವು, ನಮ್ಮವು

ಒರೆಸಿದ ಕಪ್ಪೆಯೇ ಮತ್ತೆ ಮತ್ತೆ ಕೈಗೆ ಸಿಗುತ್ತದೆಂದು ಅವರ ಮುಂದೆ ಗೊಣಗಿದ್ದು ನನ್ನ ತಪ್ಪು. ಮುಂದಿನ ವಾರ ಹೋದರೆ ಕಪ್ಪೆಗಳ ಮೈಮೇಲೆ ಕೆಂಪು ಪಟ್ಟೆ! ಮಂದೆಗಳು ಬೆರೆತಾಗ ತಮ್ಮ ಕುರಿ ಯಾವುದೆಂದು ಗೊತ್ತಾಗಲು ಹಚ್ಚುವ ಬಣ್ಣ.

"ಬೆನ್ನಿಗೆ ಹಚ್ಚಿರೋವು ನಿಮ್ಮವು, ತೊಡೆಗೆ ಹಚ್ಚಿರೋವು ನಮ್ಮವು" ಎಂದರು.

"ನನಗೆ ಬೇಕಾದದ್ದೇ ಆ ಚರ್ಮ! ಅದಕ್ಕೇ ಬಣ್ಣ ಬಳಿದಿರಲ್ಲ!" ಎಂದು ರೇಗಿದೆ. ಆಮೇಲೆ ಆ 'ನಮ್ಮವು' ತಲೆಗೆ ಹೋಯಿತು. "ಅದ್ಸರಿ, ನಿಮಗ್ಯಾಕೆ ಕಪ್ಪೆ?"

"ನಮ್ಮನೆಯಾಕಿಗೆ ಎದ್ಯಾಗೆ ಗಂಟು ಐತೆ. ಕ್ಯಾನ್ಸರ್ ಅಂದಾರೆ. ಸೋಮವಾರ ಆಪರೇಷನ್ನಿಗೆ ಬರ್ರಿ ಅಂದಾರೆ. ಅವಳು ಒಲ್ಲೆ ಅಂತಾಳೆ. ಮೇಷ್ಟ್ರ ಔಷಧಿ ಬರ್ಲಿ, ಆಮ್ಯಾಲೆ ನೋಡಾಣ ಅಂತಾಳೆ."

ನನ್ನ ಕೈಯಲ್ಲಿ ಹಿಡಿದಿದ್ದ ಕಪ್ಪೆ, ನನ್ನದೋ ಅವರದೋ, ಜಿಗಿದು ಹೋಯಿತು.

೩. ಸೋಪು

ಅವತ್ತೇ ಅವರ ಮನೆಗೆ ಹೋದೆ. "ಬರ್ರಿ, ಕುಂತ್ಕಳ್ರಿ" ಎಂದು ಆಕೆ ಕಂಬಳಿ ಹಾಸಿದರು.

"ಅಕ್ಕಾ, ಕಪ್ಪೆ ನಂಬಿ ಕೂರಬೇಡಿ. ಗಾಜಿನ ತಟ್ಟೆಯಲ್ಲಾದರೆ ಸೋಪಿನ ನೀರು ಹಾಕಿದರೂ ಕ್ಯಾನ್ಸರ್ ಕೋಶ ಸಾಯುತ್ತೆ. ಹಾಗಂತ ಸೋಪು ಕುಡೀತಾರಾ?"

"ಸೋಪು ಅಂಗಡ್ಯಾಗೇ ಸಿಗ್ತೈತಲ್ಲ. ಮತ್ತೆ ನೀವ್ಯಾಕೆ ಕೆಸರಿಗೆ ಇಳೀತೀರಿ?"

ಅರ್ಧ ಗಂಟೆ ವಿವರಿಸಿದೆ. ಕೊನೆಗೆ ನಾನು ಯಾಕೆ ಕೆಸರಿಗೆ ಇಳಿಯುತ್ತೇನೆಂದು ನನಗೇ ತಿಳಿಯದಾಯಿತು. ಸೋತು ಹೇಳಿದೆ: "ನನ್ನ ಹೆಂಡತಿಗೇ ಹೀಗಾಗಿದ್ದರೆ ಸೋಮವಾರ ಮೊದಲ ಬಸ್ಸಿಗೇ ಕರ್ಕೊಂಡು ಹೋಗ್ತಿದ್ದೆ. ಕಪ್ಪೆ ಕಡೆ ತಿರುಗಿಯೂ ನೋಡ್ತಿರಲಿಲ್ಲ."

ಆಕೆ ಗಂಡನಿಗೆ ಹೇಳಿದರು: "ಬಟ್ಟೆ ತುಂಬ್ರಿ. ಕಪ್ಪೆ ಮೇಷ್ಟ್ರಿಗೇ ಕಪ್ಪೆ ಮ್ಯಾಲೆ ನಂಬಿಕೆ ಇಲ್ಲ."

೪. ಕಲಿತವರು

ಆಪರೇಷನ್ ಚೆನ್ನಾಗಿ ಆಯಿತು. ನೋಡಲು ಹೋದಾಗ ಆಕೆ ಎದ್ದು ಕೂತು ಗಂಜಿ ಕುಡಿಯುತ್ತಿದ್ದರು. ನನಗೆ ಹೋದ ಜೀವ ಬಂದಂತಾಯಿತು. ಯಜಮಾನರ ಮುಖ ಮಾತ್ರ ಬಿಗಿದಿತ್ತು.

"ಮೇಷ್ಟ್ರೇ, ಅವತ್ತು ಚರ್ಮಕ್ಕೆ ಬಣ್ಣ ಹಚ್ಚಿದ್ದಕ್ಕೆ ನನ್ನ ಬೈದ್ರಲ್ಲ?"

"ಅಯ್ಯೋ, ಅದು ಬಿಡಿ. ಈಗ್ಯಾಕೆ?"

"ಕೊಯ್ಯಾಕೆ ಮುಂಚೆ ಡಾಕ್ಟ್ರು ಇವಳ ಎದೆ ಮ್ಯಾಲೆ ಪೆನ್ನಿನಾಗೆ ಗುರುತು ಹಾಕಿದ್ರು. ಕಲ್ತೋರು ಅಂದ್ರೆ ಅವರು! ಗುರುತು ಹಾಕ್ದೆ ಕೈ ಹಾಕಲ್ಲ."