ಪೆಟ್ಟಿಗೆಯ ತೂತು

ತೂತು ಬೆರಳು ತೂರುವಷ್ಟಿತ್ತು. ಜಗಳ ಮಾತ್ರ ಆನೆ ತೂರುವಷ್ಟು ಬೆಳೆಯಿತು.

ಬಡಗಿಯ ಅಪ್ಪ ಬೆಳಗಿನ ಜಾವ ತೀರಿಕೊಂಡಿದ್ದರು. ಊರಿಗೆಲ್ಲ ಶವಪೆಟ್ಟಿಗೆ ಮಾಡಿಕೊಟ್ಟ ಕೈಯಿಂದಲೇ ಬಡಗಿ ಅಪ್ಪನಿಗೂ ಹಲಗೆ ಕೊಯ್ದ. ಅಳುವುದನ್ನು ಆಮೇಲೆ ನೋಡಿಕೊಳ್ಳಬಹುದು. ಕತ್ತಲಾಗುವ ಮೊದಲು ಮಣ್ಣು ಮಾಡಬೇಕಿತ್ತು. ಅಪ್ಪನನ್ನು ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದಂತೆ ಸೋದರತ್ತೆ ಬಂದಳು.

"ತಲೆ ಕಡೆ ಒಂದು ತೂತು ಕೊರಿಯೋ. ಅಣ್ಣನ ಉಸಿರು ಹೊರಗೆ ಬಂದು ಹಿತ್ತಲ ಮರ ಸೇರ್ಬೇಕು. ನಮ್ಮ ಹಿರಿಯರೆಲ್ಲ ಅಲ್ಲೇ ಇದ್ದಾರೆ."

ಕೊರೆದ. ಬೈರಿಗೆ ಕೆಳಗಿಡುವಷ್ಟರಲ್ಲಿ ಪಾದ್ರಿ ಬಂದರು.

"ಆತ್ಮಕ್ಕೆ ತೂತು ಯಾಕಮ್ಮ? ಅದು ಆಗಲೇ ದೇವರ ಹತ್ರ ಹೋಗಿದೆ."

"ಹೇಳದೆ ಕೇಳದೆ? ನಮ್ಮಣ್ಣ ಹಾಲು ತರೋಕೆ ಹೋದ್ರೂ ಹೇಳಿ ಹೋಗ್ತಿದ್ದ!"

"ಮನುಷ್ಯರಿಗೆ ಮಾತ್ರ ಆತ್ಮ ಇರೋದು. ಮರಕ್ಕಿಲ್ಲ."

"ಹಾಗಾದ್ರೆ ಹಲಗೆಗೂ ಇಲ್ಲ ತಾನೇ? ಕೊರೆದ್ರೆ ಯಾರಿಗೆ ನೋವು?"

ಅಪ್ಪನಾದರೋ ಭಾನುವಾರ ತಪ್ಪದೆ ಚರ್ಚಿಗೆ ಹೋಗಿ, ಬಂದವರೇ ಮರಕ್ಕೂ ಕೈಮುಗಿಯುತ್ತಿದ್ದವರು. ಪಾದ್ರಿ ಮುನಿದರೆ ಸಮಾಧಿಗೆ ಜಾಗವಿಲ್ಲ. ಅತ್ತೆ ಮುನಿದರೆ ತನ್ನವರೆನ್ನಲು ಯಾರೂ ಇಲ್ಲ. ಬಡಗಿ ತೂತಿಗೆ ಬೆಣೆ ಹೊಡೆದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ಬೆಣೆ ಕಿತ್ತ. ಪಾದ್ರಿ ನಿಟ್ಟುಸಿರಿಟ್ಟರು, ಮತ್ತೆ ಹೊಡೆದ.

"ತೂತಿದ್ರೆ ಇರುವೆ ನುಗ್ಗುತ್ತಪ್ಪ," ಎಂದ ಪಕ್ಕದ ಮನೆಯ ದರ್ಜಿ.

"ಇಲ್ದಿದ್ರೆ ಒಳಗೆ ಸೆಕೆ ಅಲ್ವೇನ್ರಿ, ಪಾಪ!" ಎಂದಳು ಅವನ ಹೆಂಡತಿ.

ಬಿಸಿಲು ಇಳಿಯತೊಡಗಿದಾಗ ಪಾದ್ರಿ ಬಡಗಿಯನ್ನು ಹಲಗೆಗಳ ಮರೆಗೆ ಕರೆದರು. "ನಿಮ್ಮತ್ತೆ ಬೆಳಗಿನಿಂದ ನೀರೂ ಮುಟ್ಟಿಲ್ಲ. ಬೆಣೆ ತೆಗೆದುಬಿಡಪ್ಪ. ದೇವರು ಒಂದು ತೂತಿಗೆಲ್ಲ ಕೋಪ ಮಾಡ್ಕೊಳ್ಳೋನಲ್ಲ."

ಬಡಗಿಗೆ ಜೀವ ಬಂದಂತಾಯಿತು. ಓಡಿಹೋಗಿ ಬೆಣೆ ಕಿತ್ತ.

"ಯಾಕೋ ಕಿತ್ತೆ?" ಹಿತ್ತಲಿನಿಂದ ಬಂದ ಅತ್ತೆ ಕೂಗಿದಳು. "ಅಣ್ಣ ಬರಲ್ಲ, ಕಾಯ್ಬೇಡ ಅಂತ ಈಗ ತಾನೇ ಮರಕ್ಕೆ ಹೇಳಿ ಬಂದೆ. ಅವನು ಹಾಸಿಗೆ ಹಿಡಿದಾಗ ಚಮಚದಲ್ಲಿ ಗಂಜಿ ಕುಡಿಸಿದವರು ಈ ಪುಣ್ಯಾತ್ಮರು. ಅವರ ಮಾತೇ ನಡೀಲಿ. ಮುಚ್ಚು!"

"ಬೇಡಮ್ಮ, ತೆರೆದೇ ಇರಲಿ!"

"ಮುಚ್ಚಬೇಕು ಅಂದ್ರೆ ಮುಚ್ಚಬೇಕು!"

ಜಗಳ ಬೆಳಗಿಗಿಂತ ಜೋರಾಯಿತು, ಬರೀ ಬಾಯಿ ಅದಲುಬದಲಾಗಿತ್ತು. ಕುಣಿ ತೋಡುವವನು ಬಾಗಿಲಲ್ಲಿ ನಿಂತು, "ಬೆಳಕು ಹೋಗ್ತಿದೆ ಸ್ವಾಮಿ," ಎಂದ.

ಕೊನೆಗೆ ಪಾದ್ರಿ ಬಡಗಿಯ ಕಡೆ ತಿರುಗಿದರು. "ಮಗ ನೀನು. ನೀನೇ ಹೇಳಪ್ಪ, ನಿಮ್ಮಪ್ಪ ಎಲ್ಲಿಗೆ ಹೋಗಿದ್ದಾರೆ?"

ಆ ದಿನ ಅವನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಬಡಗಿ ಪೆಟ್ಟಿಗೆಯ ಅಂಚು ಹಿಡಿದುಕೊಂಡ.

"ಎಲ್ಲಿಗೂ ಹೋಗಿಲ್ಲ ಫಾದರ್. ಇಲ್ಲೇ ಇದ್ದಾರೆ. ಸತ್ತುಹೋಗಿದ್ದಾರೆ... ಅಷ್ಟೇ."



"ಹೆತ್ತಪ್ಪನ ಬಗ್ಗೆ ಇಂಥ ಮಾತೇನೋ, ಪಾಪಿ!" ಎಂದಳು ಅತ್ತೆ.

"ದೇವರೇ ಕ್ಷಮಿಸಲಿ," ಎಂದು ಪಾದ್ರಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ತೂತಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಪಾದ್ರಿ ಅತ್ತೆಗೆ ಒಂದು ಲೋಟ ನೀರು ಕುಡಿಸಿದರು. ಅತ್ತೆ ಅವರ ಕೈ ಹಿಡಿದುಕೊಂಡು ಸಮಾಧಿಯ ಕಡೆ ಹೊರಟಳು. ಬಡಗಿ ಪೆಟ್ಟಿಗೆಗೆ ಹೆಗಲು ಕೊಡಲು ಬಗ್ಗಿದಾಗ ದರ್ಜಿ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ನಂಬಿಕೆ ಇರೋರು ಹೊರಲಿ ಬಿಡಪ್ಪ."