ಸೂರ್ಯನಿಗೆ ಬೆನ್ನು ಹಾಕಿದ ಡ್ರೈವರ್

ಜಂಬಕ್ಕ: ತಿರುಗ್ರಿ ಈ ಕಡಿ.

ಗಾದಿಲಿಂಗಪ್ಪ: ತಿರುಗಂಗಿಲ್ಲ.

ಜಂಬಕ್ಕ: ಎಲ್ಲೆಲ್ಲಿಂದನೋ ಜನ ಹಂಪಿಗೆ ಬರ್ತಾರ, ಸೂರ್ಯ ಮುಳುಗಾದು ನೋಡಾಕ. ನೀವು ಅದಕ್ಕ ಬೆನ್ನು ಕೊಟ್ಟು ಕುಂತೀರಲ್ರೀ!

ಗಾದಿಲಿಂಗಪ್ಪ: ನಾ ನೋಡ್ಲಿಲ್ಲಂದ್ರ ಅದು ಮುಳುಗಂಗಿಲ್ಲೇನು? ಅದರ ಕೆಲಸ ಅದು ಮಾಡ್ತೈತಿ ಬಿಡು.

ಈ ವಾದ ನಡೆಯುತ್ತಿದ್ದದ್ದು ಪುರಂದರ ಮಂಟಪದ ಹತ್ತಿರ, ತುಂಗಭದ್ರೆಯ ದಡಕ್ಕೆ ಆತುಕೊಂಡಿದ್ದ ಒಂದು ತೆಪ್ಪದೊಳಗೆ. ತೆಪ್ಪ ಇನ್ನೂ ಒಂದು ಗೇಣು ಕದಲಿರಲಿಲ್ಲ, ಗಂಡ ಹೆಂಡತಿಯ ಜಗಳ ಮಾತ್ರ ಆಗಲೇ ನಡುಹೊಳೆ ಮುಟ್ಟಿತ್ತು. ಗಾದಿಲಿಂಗಪ್ಪ ಮೂವತ್ತೊಂದು ವರ್ಷ ಹೊಸಪೇಟೆಯಿಂದ ತೋರಣಗಲ್ಲಿಗೆ ಫ್ಯಾಕ್ಟರಿ ಜನರನ್ನು ಹೊತ್ತು ಬಸ್ಸು ಓಡಿಸಿ, ಹೋದ ತಿಂಗಳಷ್ಟೇ ಸ್ಟೇರಿಂಗ್ ಬಿಟ್ಟಿದ್ದ ಆಸಾಮಿ. ಬಿಟ್ಟದ್ದು ಕೈ ಮಾತ್ರ, ಕಾಲು ಇನ್ನೂ ಬಿಟ್ಟಿರಲಿಲ್ಲ. ಟಿವಿಯ ಜಾಹೀರಾತಿನಲ್ಲಿ ಲಾರಿ ಎದುರಿಗೆ ಬಂದರೂ ಅವನ ಬಲಗಾಲು ಮನೆಯ ನೆಲವನ್ನು ಒತ್ತುತ್ತಿತ್ತು. ಇಂಥವನನ್ನು ಕರೆದುಕೊಂಡು ಸೂರ್ಯಾಸ್ತ ನೋಡಲು ಹೊರಟ ಜಂಬಕ್ಕನ ಧೈರ್ಯವನ್ನು ಮೆಚ್ಚಲೇಬೇಕು.

ತೆಪ್ಪದ ಹೊನ್ನೂರುಸ್ವಾಮಿ ಹುಟ್ಟು ಹಿಡಿದು ಕಾಯುತ್ತಿದ್ದ. ಅವತ್ತಿಗೆ ಅದು ಅವನ ಕೊನೆಯ ಸುತ್ತು.

ಹೊನ್ನೂರುಸ್ವಾಮಿ: ಅಣ್ಣಾ, ಯಾವ ಕಡಿಯರ ಕುಂದ್ರಿ, ಒಟ್ಟು ಕುಂದ್ರಿ. ಹೊತ್ತು ಮುಳುಗಿದ ಮ್ಯಾಲೆ ನಾವು ನೀರಾಗ ಇರಂಗಿಲ್ಲ. ಅರ್ಧಾ ತಾಸು ಅಷ್ಟ ಐತಿ.

ಗಾದಿಲಿಂಗಪ್ಪ: ಅದಿರ್ಲಿ ಸ್ವಾಮಿ, ಇದರದು ಮುಂದಿನ ಕಡಿ ಯಾವ್ದು?

ಹೊನ್ನೂರುಸ್ವಾಮಿ: ದುಂಡಗೈತಲ್ಲಣ್ಣಾ. ಇದಕ್ಕ ಮುಂದಿಲ್ಲ, ಹಿಂದಿಲ್ಲ.

ಗಾದಿಲಿಂಗಪ್ಪ: ಮುಂದಿಲ್ಲದ ಗಾಡಿ ಎಲ್ಲೆರ ಇರ್ತೈತೇನು? ರಿವರ್ಸ್ ಹೆಂಗ ಹಾಕ್ತಿ?

ಹೊನ್ನೂರುಸ್ವಾಮಿ: ಮುಂದ ಇಲ್ಲಂದ ಮ್ಯಾಲೆ ರಿವರ್ಸ್ ಎಲ್ಲಿಂದ ತರ್ಲಿ?

ಗಾದಿಲಿಂಗಪ್ಪ: ಬ್ರೇಕು?

ಹೊನ್ನೂರುಸ್ವಾಮಿ: ಬಂಡೆ ಅಡ್ಡ ಬಂದ್ರ ತಾನ ನಿಲ್ತೈತಿ.

ಗಾದಿಲಿಂಗಪ್ಪ: ಜಂಬೀ, ಏಳು. ಕಂಡೀಶನ್ ಸರಿ ಇಲ್ಲದ ಗಾಡಿ ಇದು.

ಜಂಬಕ್ಕ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಇನ್ನೊಂದು ಸಲ ಜಗ್ಗಿ ಬಿಗಿಮಾಡಿಕೊಂಡಳು.

ಜಂಬಕ್ಕ: ನೀವು ಎದ್ದು ಹೋಗ್ರಿ ಬೇಕಾರ. ತೆಪ್ಪ ಹರ್ಕೊಂಡು ಕಂಪ್ಲಿಗೆ ಹೋದ್ರೂ ಸೈ, ನಾ ಇಳಿಯಂಗಿಲ್ಲ.

ಗಾದಿಲಿಂಗಪ್ಪ: ಕಂಪ್ಲಿಗೆ ಹೋದ್ರ ನಿನ್ನ ತಂಗಿ ಮನಿ ಬಂತು. ಇದೆಲ್ಲಾ ಶುರುವಾಗಿದ್ದು ಅಲ್ಲೇ.

ಅದು ನಿಜ. ಜಂಬಕ್ಕನ ತಂಗಿ ಹಂಪಕ್ಕ ಹೋದ ವಾರ ಗಂಡನ ಜೊತೆ ಕೊಚ್ಚಿಗೆ ಹೋಗಿದ್ದಳು. ಅಲ್ಲಿ ಸಂಜೆ ಎರಡಂತಸ್ತಿನ ಬೋಟು ಹತ್ತಿ, ಸಮುದ್ರದ ಅಂಚಿನ ಹಳೆಯ ಊರನ್ನು ಸುತ್ತಿ, ಹಿಂದೆ ಸೂರ್ಯ ಇಳಿಯುತ್ತಿರುವಾಗ ಗಂಡನ ಹೆಗಲಿಗೆ ಹೆಗಲು ತಾಗಿಸಿ ಫೋಟೋ ತೆಗೆಸಿಕೊಂಡು ಅಕ್ಕನಿಗೆ ಕಳಿಸಿದ್ದಳು. ಬರೀ ಫೋಟೋ ಕಳಿಸಿ ಸುಮ್ಮನಿದ್ದರೆ ಅಕ್ಕನೂ ಒಂದು ಹೂವಿನ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದಳು. ಹಂಪಕ್ಕ ಕೆಳಗೊಂದು ಸಾಲು ಸೇರಿಸಿದ್ದಳು: ‘ಅಕ್ಕಾ, ಭಾವ ಯಾವತ್ತಾದ್ರೂ ನಿನ್ನ ಬಾಜೂಕ ಕುಂತಾರೇನು?’ ಓದಿದಾಗಿನಿಂದ ಜಂಬಕ್ಕನಿಗೆ ಹೊಟ್ಟೆಯೊಳಗೆ ಉರಿ. ತಂಗಿ ಕೇಳಿದಳಲ್ಲ ಅಂತಲ್ಲ, ಉತ್ತರ ತನಗೆ ಗೊತ್ತಿತ್ತಲ್ಲ ಅಂತ. ಹಂಪಕ್ಕನಿಗೆ ಇವತ್ತು ಫೋಟೋ ಹೋಗಲೇಬೇಕು. ಅದರಲ್ಲಿ ಗಂಡ ಇರಬೇಕು, ಬಾಜೂಕೆ ತಾನಿರಬೇಕು, ಸೂರ್ಯನೂ ಇರಬೇಕು.

ತೆಪ್ಪ ದಡ ಬಿಟ್ಟಿತು. ಗಾದಿಲಿಂಗಪ್ಪ ಎರಡೂ ಕೈಯಲ್ಲಿ ಅಂಚನ್ನು ಗಟ್ಟಿಯಾಗಿ ಹಿಡಿದ.

ಗಾದಿಲಿಂಗಪ್ಪ: ಲೆಫ್ಟ್! ಲೆಫ್ಟ್ ತಗೋ ಸ್ವಾಮಿ, ಬಂಡೆ ಐತಿ!

ಹೊನ್ನೂರುಸ್ವಾಮಿ: ಗೊತ್ತೈತಣ್ಣಾ. ನಾ ಹುಟ್ಟಿದಾಗಿಂದ ಅಲ್ಲೇ ಐತದು.

ಗಾದಿಲಿಂಗಪ್ಪ: ಹಾರ್ನರ ಹಾಕು!

ಹೊನ್ನೂರುಸ್ವಾಮಿ: ಯಾರಿಗೆ? ಬಂಡೆಗಾ?

ಜಂಬಕ್ಕ: ನೀವು ಸುಮ್ಮನ ಕುಂದ್ರಿ. ಸ್ವಾಮಿ, ನೀ ಊರಿನ ಕತಿ ಹೇಳಪ್ಪ.

ಹೊನ್ನೂರುಸ್ವಾಮಿ ಗಂಟಲು ಸರಿಮಾಡಿಕೊಂಡು, ಪ್ರವಾಸಿಗರಿಗೆಂದೇ ಇಟ್ಟುಕೊಂಡಿದ್ದ ದನಿಯನ್ನು ಹೊರತೆಗೆದ.

ಹೊನ್ನೂರುಸ್ವಾಮಿ: ಅಲ್ಲಿ ನೋಡ್ರಿ, ನೀರಾಗ ಸಾಲಾಗಿ ನಿಂತಾವಲ್ಲ ಕಲ್ಲಿನ ಕಂಬ, ಅದು ಅರಸರ ಕಾಲದ ಸೇತುವೆ. ಮ್ಯಾಲಿಂದೆಲ್ಲಾ ಹೋಗೈತಿ, ಕಂಬ ಅಷ್ಟ ಉಳದಾವ.

ಗಾದಿಲಿಂಗಪ್ಪ: ಯಾವಾಗ ಬಿತ್ತು?

ಹೊನ್ನೂರುಸ್ವಾಮಿ: ನೂರಾರು ವರ್ಷ ಆಗಿರಬೇಕಣ್ಣಾ.

ಗಾದಿಲಿಂಗಪ್ಪ: ಇನ್ನೂ ರಿಪೇರಿ ಮಾಡಿಲ್ಲಾ? ಒಂದು ಡೈವರ್ಶನ್ ಬೋರ್ಡೂ ಇಲ್ಲಲ್ಲ!

ಜಂಬಕ್ಕ: ಅಯ್ಯ, ಅರಸರ ಊರು ನೋಡ್ರಿ ಅಂದ್ರ ರೋಡು ನೋಡ್ತಾರಲ್ಲಪ್ಪ ಈ ಮನಷ್ಯಾ!

ಅಷ್ಟರಲ್ಲಿ ಸುಳಿಗೆ ಸಿಕ್ಕ ತೆಪ್ಪ ಮೆಲ್ಲಗೆ ಅರ್ಧ ಸುತ್ತು ತಿರುಗಿತು. ಬೆನ್ನಿಗಿದ್ದ ಸೂರ್ಯ ನೇರವಾಗಿ ಗಾದಿಲಿಂಗಪ್ಪನ ಮುಖಕ್ಕೆ ಬಂದ. ಅವನು ‘ಅಯ್ಯಯ್ಯೋ’ ಎಂದು ಕಣ್ಣು ಮುಚ್ಚಿ, ಕುಂಡೆ ಎಳೆಯುತ್ತಾ ಎದುರಿನ ಅಂಚಿಗೆ ಹೋಗಿ ಕೂತ. ಗಂಡನ ಬಾಜೂ ಬೇಕೆಂದವಳು ಜಂಬಕ್ಕ, ಅವಳೂ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಜರುಗಿದಳು. ತೆಪ್ಪ ಮತ್ತೆ ತಿರುಗಿತು. ಅವನು ಮತ್ತೆ ಜರುಗಿದ. ಅವಳೂ ಜರುಗಿದಳು. ಮೂರನೆಯ ಸುತ್ತಿಗೆ ತೆಪ್ಪ ಒಂದು ಕಡೆ ವಾಲಿ, ಒಂದು ಬೊಗಸೆ ನೀರು ಒಳಗೆ ಬಂತು.

ಹೊನ್ನೂರುಸ್ವಾಮಿ: ಏ ಏ ಏ! ಕೈ ಮುಗಿತೀನಿ, ಒಂದ ಕಡಿ ಕುಂದ್ರಿ! ಇಪ್ಪತ್ತು ವರ್ಷದಾಗ ಆಡು ತುಂಬೀನಿ, ಮೋಟರ್ ಸೈಕಲ್ ತುಂಬೀನಿ, ಮದುವಿ ದಿಬ್ಬಣ ತುಂಬೀನಿ. ಹಿಂಗ ಒಳಗ ಪ್ರದಕ್ಷಿಣಿ ಹಾಕೋ ಮಂದೀನ ನೋಡಿದ್ದಿಲ್ಲ!

ಗಾದಿಲಿಂಗಪ್ಪ: ನಿನಗೇನು ಗೊತ್ತೈತಿ ಸ್ವಾಮಿ ನನ್ನ ಸಂಕಟ? ಜನರಲ್ ಶಿಫ್ಟ್ ಬಿಟ್ಟು ತೋರಣಗಲ್ಲಿಂದ ಹೊಳ್ಳಿ ಬರುವಾಗ, ಪಾಪಿನಾಯಕನಹಳ್ಳಿ ಹತ್ರ ಬಂದ್ರ ಸಾಕು, ನೆಟ್ಟಗ ಗ್ಲಾಸಿಗೇ ಬಂದು ಕುಂದ್ರತಿತ್ತು ಇದು. ಹಿಂದ ಐವತ್ತು ಜನ ನಿದ್ದಿ ಹೊಡೀತಿರ್ತಾರ. ಮುಂದ ಲಾರಿ ಐತೋ ಎಮ್ಮಿ ಐತೋ ಒಂದೂ ಕಾಣಂಗಿಲ್ಲ. ಮೂವತ್ತೊಂದು ವರ್ಷ ಇದನ್ನ ಕಣ್ಣಾಗ ಇಟ್ಗೊಂಡು ಬಸ್ ಹೊಡದೀನಿ. ರಿಟೈರ್ ಆದ ಮ್ಯಾಲೆ ಇದನ್ನ ನೋಡಾಕ ನಾನ ಬರಬೇಕೇನು?

ಹೊನ್ನೂರುಸ್ವಾಮಿ: ಅಣ್ಣ ಹೇಳಾದ್ರಾಗೂ ನ್ಯಾಯ ಐತಿ ನೋಡಕ್ಕಾ.

ಜಂಬಕ್ಕ: ಐತಿ? ಹಂಗಾರ ನನ್ನ ನ್ಯಾಯಾನೂ ಕೇಳು. ಇವರ ಜೊತಿ ನಾ ಏನು ಕಡಿಮಿ ಊರು ತಿರುಗೀನೇನು? ಮದುವಿಗೆ, ಕುಬಸಕ್ಕ, ಜವಳಕ್ಕ, ಸಂಡೂರು, ಎಮ್ಮಿಗನೂರು, ಎಲ್ಲಾ ಆಗ್ಯಾವ. ಎಲ್ಲಾ ಸಲಾನೂ ಇವರು ಬಾಡಿಗಿ ಬಸ್ಸಿನ ಸ್ಟೇರಿಂಗ್ ಹಿಡಕಂಡು ಮುಂದ, ನಾ ಹೆಣ್ಮಕ್ಕಳ ಸೀಟಿನಾಗ ಹಿಂದ. ಇವರ ಹಿಂದಲೆ ನಾ ನೋಡಿದಷ್ಟು ಕ್ಷೌರದಾವನೂ ನೋಡಿಲ್ಲ!

ಗಾದಿಲಿಂಗಪ್ಪ: ಮತ್ತ ಬಸ್ಸು ಯಾರು ಹೊಡೀಬೇಕಿತ್ತು? ನಿಮ್ಮಪ್ಪಾ?

ಜಂಬಕ್ಕ: ನಾ ಬೈಯಾಕತ್ತಿಲ್ರಿ. ಒಂದ ಸಲ, ಬರೇ ಒಂದ ಸಲ, ಇಬ್ರೂ ಬಾಜೂ ಬಾಜೂ ಕುಂತು ಒಂದ ಕಡಿ ನೋಡೋಣ ಅಂತ ಆಸಿ ಇತ್ತು ನನಗ. ಅಷ್ಟ. ನನ್ನ ತಂಗಿ ಬರ್ದು ಕಳಿಸಿದ್ದು ಸುಳ್ಳು ಅಂತ ತೋರ್ಸಬೇಕಿತ್ತು. ಸುಳ್ಳಲ್ಲ ಅದು, ಖರೇನ ಐತಿ.

ಜಂಬಕ್ಕ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು ಕಲ್ಲಿನ ಕಂಬಗಳ ಕಡೆ ನೋಡುತ್ತಾ ಕೂತಳು. ಗಾದಿಲಿಂಗಪ್ಪನಿಗೆ ಈಗ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಆ ಕಡೆ ನೋಡಿದರೆ ಸೂರ್ಯ, ಈ ಕಡೆ ನೋಡಿದರೆ ಹೆಂಡತಿ. ಎರಡೂ ಕಣ್ಣು ಕುಕ್ಕುತ್ತಿದ್ದವು.

ಗಾದಿಲಿಂಗಪ್ಪ: ಆತು ಬಿಡು. ಬಾ ಇಲ್ಲಿ, ಬಾಜೂಕ ಕುಂದ್ರು. ಸೂರ್ಯ ಹಿಂದ ಇರ್ಲಿ, ನಿನ್ನ ತಂಗಿ ಫೋಟೋದಾಗೂ ಹಿಂದ ಐತಲ್ಲ. ಸ್ವಾಮಿ, ತೆಗಿಯಪ್ಪ ಒಂದು ಫೋಟೋ.

ಜಂಬಕ್ಕ ಜರುಗಿ ಬಂದು ಕೂತಳು. ತೂಕ ಸರಿಹೋಗಲೆಂದು ಹೊನ್ನೂರುಸ್ವಾಮಿ ಎದುರಿನ ಅಂಚಿಗೆ ಹೋಗಿ, ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಮೊಬೈಲ್ ಹಿಡಿದ. ಹಿಡಿದವನು ಒತ್ತಲಿಲ್ಲ.

ಹೊನ್ನೂರುಸ್ವಾಮಿ: ಅಕ್ಕಾ, ಸೂರ್ಯ ಮಸ್ತ್ ಬಂದಾನ. ನೀವಿಬ್ರೂ ಇದ್ದಲಿ ಆಗೀರಿ.

ಜಂಬಕ್ಕ: ಹಂಗಂದ್ರ?

ಹೊನ್ನೂರುಸ್ವಾಮಿ: ಕರ್ರಗ ಬರ್ತೀರಿ. ಯಾರು ಗಂಡ ಯಾರು ಹೆಂಡ್ತಿ ಗೊತ್ತಾಗಂಗಿಲ್ಲ. ದಿನಾ ನೂರು ಮಂದಿಗೆ ತೆಗಿತೀನಿ ನಾನು. ಸೂರ್ಯ ಹಿಂದ ಇದ್ರ ಮುಖ ಬರಂಗಿಲ್ಲ, ಮುಖ ಬೇಕಂದ್ರ ಸೂರ್ಯನ ಕಡಿ ತಿರುಗಬೇಕು. ಎರಡೂ ಸಿಗಂಗಿಲ್ಲ.

ಜಂಬಕ್ಕ: ಕೊಚ್ಚಿ ಬೋಟಿನಾಗ ನನ್ನ ತಂಗಿಗೆ ಎರಡೂ ಬಂದಾವಲ್ಲ!

ಹೊನ್ನೂರುಸ್ವಾಮಿ: ಅವರ ಬೋಟಿಗೆ ದೊಡ್ಡ ದೊಡ್ಡ ಲೈಟ್ ಇರ್ತಾವಕ್ಕಾ. ನನ್ನ ತೆಪ್ಪಕ್ಕ ಏನೈತಿ, ನಾ ಅದೀನಿ. ಜಲ್ದಿ ಹೇಳು. ಯಾರು ಬೇಕು? ಸೂರ್ಯನೋ, ಗಂಡನೋ?

ಸೂರ್ಯ ಗುಡ್ಡದ ಬಂಡೆಗಳಿಗೆ ಇನ್ನೇನು ತಾಗುವಂತಿದ್ದ. ಜಂಬಕ್ಕ ಒಮ್ಮೆ ಹಿಂದೆ ತಿರುಗಿ ಅವನನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಮತ್ತೆ ಸೂರ್ಯನನ್ನು ನೋಡಿದಳು.

ಗಾದಿಲಿಂಗಪ್ಪ: ಇದಕ್ಕೂ ಇಷ್ಟು ಹೊತ್ತು ಯೋಚನಿ ಮಾಡಬೇಕೇನಲೇ?

ಜಂಬಕ್ಕ: ತಡೀರಿ. ಅವನೂ ಕೆಂಪಗ ಚಂದ ಅದಾನ.

ಗಾದಿಲಿಂಗಪ್ಪ: ಲೇ!

ಜಂಬಕ್ಕ: ಗಂಡನ ಇರ್ಲಿ ಬಿಡು ಸ್ವಾಮಿ. ಸೂರ್ಯ ನಾಳೇನೂ ಬರ್ತಾನ. ಈ ಮನಷ್ಯಾ ನಾಳೆ ಬರ್ತಾರಂತ ಗ್ಯಾರಂಟಿ ಇಲ್ಲ.

ಗಾದಿಲಿಂಗಪ್ಪನ ಮುಖ ಅರಳಿತು. ಅರಳಿದ ಮುಖ ಒಂದೇ ಗಳಿಗೆಯಲ್ಲಿ ಬಾಡಿತು.

ಗಾದಿಲಿಂಗಪ್ಪ: ಅಂದ್ರ ನಾ ಆ ಕಡಿ ತಿರುಗಬೇಕಾತಲ್ಲ!

ಜಂಬಕ್ಕ: ಮತ್ತ?

ಅವನು ಹಲ್ಲು ಕಚ್ಚಿಕೊಂಡು ತಿರುಗಿದ. ಜಂಬಕ್ಕ ಬಾಜೂಕೆ ಒತ್ತಿ ಕೂತಳು. ಹೊನ್ನೂರುಸ್ವಾಮಿ ಈ ಕಡೆಗೆ ಬಂದು ಮೊಬೈಲ್ ಎತ್ತಿದ.

ಹೊನ್ನೂರುಸ್ವಾಮಿ: ಅಣ್ಣಾ, ಕಣ್ಣು ಬಿಡು. ಇನ್ನೂ ಬಿಡು. ಹಾಂ, ಹಂಗ. ನಗ್ರಿ ಇಬ್ರೂ. ಒಂದು... ಎರಡು...

ಎರಡು ಎನ್ನುವಾಗ ತೆಪ್ಪ ಚೂರು ತಿರುಗಿ, ಬಿಸಿಲು ಜಂಬಕ್ಕನ ಕಣ್ಣಿಗೆ ಹೊಡೆಯಿತು. ಅವಳು ‘ಸ್ಸ್’ ಎಂದಳು. ಮೊಬೈಲು ಚಕ್ ಎಂದಿತು. ಗುಡ್ಡದ ಬಂಡೆಯೊಂದರ ಹಿಂದೆ ಸೂರ್ಯ ಇಳಿದೇಹೋದ.

ಮೂವರೂ ತಲೆ ತಲೆ ತಾಗಿಸಿ ಮೊಬೈಲು ನೋಡಿದರು. ಗಾದಿಲಿಂಗಪ್ಪ ಭೇಷಾಗಿ ಬಂದಿದ್ದ. ಕಣ್ಣು ಇಷ್ಟಗಲ ತೆರೆದಿದ್ದವು, ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗೆ ಹೊಳೆಯುತ್ತಿತ್ತು. ಅವನ ಬಾಜೂಕೆ ಒಂದು ಹಸಿರು ಸೀರೆ, ಒಂದು ಲೈಫ್ ಜಾಕೆಟ್ಟು, ಅದರ ಮೇಲೆ ಮುಖ ಇರಬೇಕಾದಲ್ಲಿ ಗಾದಿಲಿಂಗಪ್ಪನ ಅಂಗೈ.

ಜಂಬಕ್ಕ: ಅಯ್ಯ ನಿಮ್ಮ! ಕೈ ಯಾಕ ಅಡ್ಡ ತಂದ್ರಿ?

ಗಾದಿಲಿಂಗಪ್ಪ: ನಿನ್ನ ಕಣ್ಣಿಗೆ ಬಿಸ್ಲು ಬಿತ್ತಲ್ಲ.

ಜಂಬಕ್ಕ: ನಿಮ್ಮ ಕಣ್ಣಿಗೂ ಬಿದ್ದಿತ್ತು!

ಗಾದಿಲಿಂಗಪ್ಪ: ನನಗ ರೂಢಿ ಐತಿ.

ಜಂಬಕ್ಕನ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತುಬಿಟ್ಟಿತು. ಇಷ್ಟು ವರ್ಷದ ಸಂಸಾರದಲ್ಲಿ ಅದು ಹಾಗೆ ನಿಂತದ್ದು ಅದೇ ಮೊದಲು. ಇನ್ನೊಂದು ಫೋಟೋ ತೆಗೆಯೋಣವೆಂದರೆ ಬೆಳಕಿಲ್ಲ, ಹೊನ್ನೂರುಸ್ವಾಮಿ ಆಗಲೇ ದಡದ ಕಡೆ ಹುಟ್ಟು ಹಾಕುತ್ತಿದ್ದ. ಅವಳು ಒಂದು ಗಳಿಗೆ ಯೋಚಿಸಿ ಅದೇ ಫೋಟೋವನ್ನು ಹಂಪಕ್ಕನಿಗೆ ಕಳಿಸಿಬಿಟ್ಟಳು. ದಡ ಮುಟ್ಟುವ ಮೊದಲೇ ಉತ್ತರ ಬಂತು. ಜಂಬಕ್ಕ ಓದಿದಳು, ಮತ್ತೊಮ್ಮೆ ಓದಿದಳು, ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು.

ಗಾದಿಲಿಂಗಪ್ಪ: ಏನಂತ ಆಕಿ?

ಜಂಬಕ್ಕ: ‘ಅಕ್ಕಾ, ಭಾವ ಮಸ್ತ್ ಬಂದಾರ. ಅವರ ಬಾಜೂಕ ಕುಂತಾಕಿ ಯಾರು?’

ಗಾದಿಲಿಂಗಪ್ಪ: ಅಯ್ಯಯ್ಯೋ! ನೀನ ಅಂತ ಬರಿ! ಜಲ್ದಿ ಬರಿ ಜಂಬೀ! ಆಕಿ ಸ್ಟೇಟಸ್ ಗೀಟಸ್ ಹಾಕಿದ್ಲಂದ್ರ ಕಂಪ್ಲಿ ತುಂಬ ನನ್ನ ಮರ್ಯಾದಿ ಹೋಗ್ತೈತಿ! ಸ್ವಾಮಿ, ನೀನರ ಸಾಕ್ಷಿ ಹೇಳಪ್ಪ!

ಹೊನ್ನೂರುಸ್ವಾಮಿ: ನಾ ಬರೇ ಹುಟ್ಟು ಹಾಕಾವಣ್ಣಾ. ಒಳಗ ಯಾರ್ಯಾರು ಕುಂತಿದ್ರೋ ನನಗೇನು ಗೊತ್ತು?

ಜಂಬಕ್ಕ ಅವಸರ ಮಾಡಲಿಲ್ಲ. ಗಂಡನ ತೋಳಿಗೆ ಇನ್ನಷ್ಟು ಒತ್ತಿ ಕೂತು, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ತಂಗಿಗೆ ನಿಧಾನವಾಗಿ ಮಾತಿನಲ್ಲೇ ಉತ್ತರ ಕಳಿಸಿದಳು.

ಜಂಬಕ್ಕ: ಯಾರೋ ಏನೋ, ನನಗೂ ಮುಖ ಕಾಣವಲ್ದವ್ವ. ಆದ್ರ ನಿಮ್ಮ ಭಾವ ಆಕಿನ್ನ ಭಾಳ ಚಲೋ ನೋಡ್ಕೊಳ್ಳಾಕತ್ತಾರ.